ಹಂದಿ ಯಾರದ್ದೋ ಅವರಿಗೆ ದುಡ್ಡು, ಸಾಕಿದವರಿಗೆ?

ಕೋವಿಡ್ ಟೈಮಲ್ಲಿ ಅಮೆರಿಕದ ರೈತರಿಗೆ ಸರ್ಕಾರ ದುಡ್ಡು ಸುರೀತಂತೆ ಹೌದಾ ಅಂತ ಊರಿಂದ ಈಗಲೂ ಕೇಳುತ್ತಾರೆ. ಹೌದು, ಕೊಟ್ಟಿತು. ಯಾರಿಗೆ ಅನ್ನೋದನ್ನ ಸ್ವಲ್ಪ ಬರೆಯಬೇಕು.

ನಾವಿರೋದು ಅಮೆರಿಕದ ಅಯೋವಾ ರಾಜ್ಯದ ಒಂದು ಹಳ್ಳಿ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಥರ). ಕಣ್ಣು ಹಾಯಿಸಿದಷ್ಟು ದೂರ ಮುಸುಕಿನ ಜೋಳ, ಸೋಯಾ, ನಡುನಡುವೆ ಉದ್ದುದ್ದ ಹಂದಿ ಶೆಡ್ಡುಗಳು. ನಮ್ಮ ಪಕ್ಕದ ಜಮೀನಿನವರಿಗೂ ಎರಡು ಶೆಡ್ ಇದ್ದವು, ಒಂದೊಂದರಲ್ಲಿ 2,400 ಹಂದಿ. ಆದರೆ ಹಂದಿ ಅವರದ್ದಲ್ಲ, ಕಂಪನಿಯದ್ದು. ನಮ್ಮ ಕಡೆ ಕೋಳಿ ಫಾರಂನವರು ಕಂಪನಿ ಮರಿ ತಂದು ಸಾಕ್ತಾರಲ್ವಾ, ಹಾಗೇ. ಮರಿ, ಮೇವು ಕಂಪನಿ ಕೊಡುತ್ತದೆ. ಶೆಡ್ ಸಾಲ, ಕರೆಂಟು, ದುಡಿಮೆ ಇವರದು.

2020ರ ಏಪ್ರಿಲ್‌ನಲ್ಲಿ ಕೆಲಸಗಾರರಿಗೆ ಕೋವಿಡ್ ಹಬ್ಬಿ ಮಾಂಸದ ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿದವು. ತೂಕಕ್ಕೆ ಬಂದ ಹಂದಿಯನ್ನು ಇಟ್ಟುಕೊಂಡು ಕೂರೋಕಾಗಲ್ಲ, ದಿನಕ್ಕೆ ಸುಮಾರು 2 ಪೌಂಡ್ ಬೆಳೆಯುತ್ತಲೇ ಇರುತ್ತದೆ, ತೀರಾ ದೊಡ್ಡದಾದರೆ ಕಾರ್ಖಾನೆಗೆ ಬೇಡವಾಗುತ್ತದೆ. ಒಂದು ಸಂಜೆ ಹೋದಾಗ ಅವರು ಶೆಡ್ ಬಾಗಿಲಲ್ಲಿ ನಿಂತು ಒಳಗಿನ ಬಿಸಿ ಏರಿಸುತ್ತಿದ್ದರು. ಸೆಕೆಯಾದರೆ ಹಂದಿ ಕಡಿಮೆ ತಿನ್ನುತ್ತದೆ, ಬೆಳೆಯೋದು ನಿಧಾನವಾಗುತ್ತದೆ ಅಂತ. ಜೀವಮಾನವೆಲ್ಲ ಹಂದಿ ಚೆನ್ನಾಗಿ ತಿನ್ನಲಿ ಅಂತ ದುಡಿದ ಮನುಷ್ಯ. ಮಾತಾಡುವಾಗ ನನ್ನ ಮುಖ ನೋಡಲಿಲ್ಲ.

ಆ ಹಂದಿಗಳೇನೋ ಕೊನೆಗೆ ಕಾರ್ಖಾನೆಗೆ ಹೋದವು. ಹೊಸ ಮರಿ ನಾಲ್ಕು ತಿಂಗಳು ಬರಲಿಲ್ಲ. ಬ್ಯಾಚ್ ಇಲ್ಲ ಅಂದ್ರೆ ಇವರಿಗೆ ದುಡ್ಡೂ ಇಲ್ಲ. ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತಿತ್ತು.

ಆ ಏಪ್ರಿಲ್‌ನಲ್ಲೇ ಸರ್ಕಾರ 1,600 ಕೋಟಿ ಡಾಲರ್ ನೇರ ಪರಿಹಾರ ಘೋಷಿಸಿತು. ಏಪ್ರಿಲ್ 16ರಿಂದ ಮೇ 14ರ ಒಳಗೆ ಕೈಯಲ್ಲಿದ್ದ ಹಂದಿಗೆ ತಲಾ 17 ಡಾಲರ್. ಒಬ್ಬರಿಗೆ ಮಿತಿ 2,50,000 ಡಾಲರ್, ಜಮೀನಲ್ಲಿ ದುಡಿಯುವ ಮೂವರು ಪಾಲುದಾರರಿರುವ ಸಂಸ್ಥೆಯಾದರೆ 7,50,000. ಆದರೆ ಹಂದಿಯ ಮಾಲೀಕರಾಗಿರಬೇಕು. ಪಕ್ಕದವರು ಅರ್ಜಿ ಹಾಕುವಂತೆಯೇ ಇರಲಿಲ್ಲ. ಸೆಪ್ಟೆಂಬರ್‌ನ ಎರಡನೇ ಸುತ್ತಿನಲ್ಲೂ ಇದೇ ಕಥೆ.

ಪರಿಹಾರ ಕೊಟ್ಟಿದ್ದೇ ತಪ್ಪು ಅನ್ನುವವರ ಜೊತೆ ನಾನಿಲ್ಲ. ಸ್ವಂತ ಹಂದಿ ಇದ್ದವರೂ ಬೆಲೆ ಬಿದ್ದು ಸೋತಿದ್ದರು, ಅವರಿಗೆ ಸಿಗಲೇಬೇಕಿತ್ತು. ನನ್ನ ಸಿಟ್ಟು ಇಷ್ಟಕ್ಕೇ: ಕಾಗದದಲ್ಲಿ ಹೆಸರಿದ್ದವರ ನಷ್ಟ ತಿಂಗಳೊಳಗೆ ಕಾಣಿಸಿತು, ಶೆಡ್‌ನಲ್ಲಿ ನಿಂತವರ ನಷ್ಟ ಕಾಣಿಸೋಕೆ ಒಂದು ವರ್ಷದ ಮೇಲೆ ಬೇಕಾಯಿತು. ಗುತ್ತಿಗೆಗೆ ಸಾಕುವವರಿಗೂ ಕೊಡಿ ಅಂತ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಕಾನೂನು ಮಾಡಿದ್ದು 2020ರ ಡಿಸೆಂಬರ್‌ನಲ್ಲಿ. ಜನವರಿಯಲ್ಲಿ ಸರ್ಕಾರ ಬದಲಾಯಿತು, ಪರಿಶೀಲನೆ ಅಂತ ತಡೆದರು. ನಷ್ಟದ ಶೇ. 80ರವರೆಗೆ ಕೊಡುವ ದಾರಿ ತೆರೆದಾಗ 2021ರ ಆಗಸ್ಟ್. ಅಷ್ಟರಲ್ಲಿ ಪಕ್ಕದವರು ಒಂದು ಶೆಡ್ ಮಾರಿಬಿಟ್ಟಿದ್ದರು. ಆಗ ಸಿಕ್ಕ ದುಡ್ಡಿಂದ ಅದು ವಾಪಸ್ ಬರಲಿಲ್ಲ.

ನನಗ್ಯಾಕೆ ಇಷ್ಟು ಉರಿಯುತ್ತದೆ ಅಂದ್ರೆ, ಆ 2020ರಲ್ಲೇ ಇದನ್ನೇ ನಮ್ಮ ಮನೆಯಲ್ಲೂ ನೋಡಿದೆ. ಚಿಕ್ಕಪ್ಪ-ಚಿಕ್ಕಮ್ಮ ಕೋಲಾರದ ಕಡೆ ಎರಡು ಎಕರೆ ಗುತ್ತಿಗೆಗೆ ಹಿಡಿದು ಚೆಂಡುಹೂ ಹಾಕಿದ್ದರು. ಮದುವೆ ಇಲ್ಲ, ದೇವಸ್ಥಾನ ಮುಚ್ಚಿದೆ, ಹೂ ಕೇಳೋರಿಲ್ಲ. ಕಿತ್ತು ಬದುವಿನ ಮೇಲೆ ಸುರಿದ ರಾಶಿಯ ಫೋಟೋ ಕಳಿಸಿದ್ದರು. 2020ರ ಮೇ 6ರಂದು ಕರ್ನಾಟಕ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಅಂತ ಘೋಷಿಸಿತು, ಒಂದು ಹೆಕ್ಟೇರಿಗೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ 10 ಸಾವಿರ. ಚಿಕ್ಕಮ್ಮ ಫೋನಲ್ಲಿ ಆ ಲೆಕ್ಕ ಮಾಡಿ ಖುಷಿಪಟ್ಟಿದ್ದರು.

ಪಹಣಿಯಲ್ಲಿದ್ದದ್ದು ಜಮೀನಿನ ಯಜಮಾನರ ಹೆಸರು. ದುಡ್ಡು ಅವರ ಖಾತೆಗೆ ಹೋಯಿತು. ಚಿಕ್ಕಪ್ಪ ಆ ವರ್ಷದ ಗುತ್ತಿಗೆ ಹಣವನ್ನೂ ಒಂದು ರೂಪಾಯಿ ಬಿಡದೆ ಕಟ್ಟಿದರು.