ನಿಂಬೆಹಣ್ಣು ದಾಟದ ಗಡಿ

ಕಳೆದ ಆಯುಧಪೂಜೆಗೆ ಮಿಲ್ಡೂರಾದಲ್ಲಿರುವ ನನ್ನ ಷಡ್ಡಕರ ಮನೆಗೆ ಹೋಗಿದ್ದೆವು. ಕಾರು ಹೊಸದಾಗಿದ್ದರಿಂದ ಅದರ ಪೂಜೆಯೂ ಅಲ್ಲಿಯೇ ಆಯಿತು. ಅವರ ಹಿತ್ತಲಿನ ಗಿಡದ ಒಂದು ನಿಂಬೆಹಣ್ಣಿಗೆ ಏಳು ಹಸಿಮೆಣಸಿನಕಾಯಿ ಪೋಣಿಸಿ ನನ್ನ ಹೆಂಡತಿ ಕಾರಿನ ಮುಂಭಾಗಕ್ಕೆ ಕಟ್ಟಿದಳು. ಭಾನುವಾರ ಸಂಜೆ ಅಡಿಲೇಡಿಗೆ ಮರಳುವಾಗ, ವಿಕ್ಟೋರಿಯಾ ರಾಜ್ಯ ಮುಗಿದು ದಕ್ಷಿಣ ಆಸ್ಟ್ರೇಲಿಯಾ ಶುರುವಾದ ಸ್ವಲ್ಪ ದೂರಕ್ಕೆ, ಹೆದ್ದಾರಿಯ ತಪಾಸಣಾ ಠಾಣೆಯಲ್ಲಿ ನಮ್ಮನ್ನು ನಿಲ್ಲಿಸಿದರು. ಹಣ್ಣು, ತರಕಾರಿ ಏನಾದರೂ ಇದೆಯೇ ಎಂದು ಕೇಳಿದ ತರುಣಿಗೆ ನಾನು ಇಲ್ಲವೆಂದೆ. ಕಾರಿಗೆ ಕಟ್ಟಿದ ಸರವೂ ಹಣ್ಣಿನ ಲೆಕ್ಕಕ್ಕೆ ಬರುತ್ತದೆಂದು ದೇವರಾಣೆಗೂ ನನಗೆ ಹೊಳೆದಿರಲಿಲ್ಲ. ಆಕೆ ಮುಂದೆ ಬಂದು, ಬಗ್ಗಿ ನೋಡಿ, ಇದೇನೆಂದು ಕೇಳಿದಳು. ದೃಷ್ಟಿಗೆ ಕಟ್ಟಿದ್ದು ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟು ಎರಡನೆಯ ವಾಕ್ಯಕ್ಕೇ ಸೋತೆ. ಆಕೆ ನಗುತ್ತಲೇ ಕತ್ತರಿ ತಂದು, ದಾರ ಕತ್ತರಿಸಿ, ಸರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದಳು.

ಆಮೇಲಿನ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ. ಗಡಿಯ ಆಚೆಗೂ ಈಚೆಗೂ ನಾನು ಕಂಡ ವ್ಯತ್ಯಾಸವಾದರೂ ಏನು? ಎರಡೂ ಕಡೆ ಅದೇ ಕೆಂಪು ಮರಳು, ಅದೇ ಕುರುಚಲು ನೀಲಗಿರಿ, ಅದೇ ತಂತಿಬೇಲಿ. ಪೆಟ್ರೋಲ್ ಬಂಕಿನವರ ಇಂಗ್ಲಿಷಿನ ಧಾಟಿಯೂ ಅದೇ. ಬದಲಾದದ್ದು ಫೋನಿನ ಗಡಿಯಾರ ಮಾತ್ರ, ಅದೂ ಅರ್ಧ ಗಂಟೆ ಹಿಂದಕ್ಕೆ. ಠಾಣೆಯಿಂದ ಹೊರಡುವಾಗ ವಿಕ್ಟೋರಿಯಾದ ಲೆಕ್ಕಕ್ಕೆ ಆರು ದಾಟಿತ್ತು, ದಕ್ಷಿಣ ಆಸ್ಟ್ರೇಲಿಯಾದ ಲೆಕ್ಕಕ್ಕೆ ಇನ್ನೂ ಐದೂವರೆ. ಮುಗಿದಿದ್ದ ರಾಹುಕಾಲ ಮತ್ತೆ ಶುರುವಾಯಿತೇ ಎಂದು ನನ್ನ ಹೆಂಡತಿ ಕೇಳಿದ್ದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

ಈ ಗಡಿ ಹುಟ್ಟಿದ್ದೇ ಕಾಗದದ ಮೇಲೆ. ದಕ್ಷಿಣ ಆಸ್ಟ್ರೇಲಿಯಾ ಎಂಬ ವಸಾಹತಿಗೆ ಪೂರ್ವದಲ್ಲಿ 141ನೇ ರೇಖಾಂಶ, ಉತ್ತರದಲ್ಲಿ 26ನೇ ಅಕ್ಷಾಂಶ ಎಂದು 1836ರಲ್ಲಿ ಲಂಡನ್ನಿನಲ್ಲಿ ಕುಳಿತವರು ಬರೆದುಬಿಟ್ಟರು. ಆ ಗೆರೆಗಳು ಹಾದುಹೋಗುವ ಮರುಭೂಮಿಯ ಬಹುಪಾಲನ್ನು ಆಗಿನ್ನೂ ಯಾವ ಯುರೋಪಿಯನ್ನನೂ ನೋಡಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯೂ ಹೀಗೆಯೇ, 129ನೇ ರೇಖಾಂಶದ ನೇರಕ್ಕೆ ಎಳೆದದ್ದು. ನಾನಿರುವ ರಾಜ್ಯದೊಳಗೆ ಐದು ಕರ್ನಾಟಕಗಳು ಹಿಡಿಯುತ್ತವೆ. ಜನ ಮಾತ್ರ 20 ಲಕ್ಷವೂ ಇಲ್ಲ, ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಅಡಿಲೇಡಿನಲ್ಲಿಯೇ ಇದ್ದಾರೆ. ಪಶ್ಚಿಮ ಆಸ್ಟ್ರೇಲಿಯಾ ಸುಮಾರು 25 ಲಕ್ಷ ಚದರ ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ ಮುಕ್ಕಾಲು ಭಾರತ. ಅಲ್ಲಿರುವವರು ಸುಮಾರು 30 ಲಕ್ಷ ಜನ. ಹೀಗೆ ಎಳೆದ ಗೆರೆಗಳ ನಡುವಿನ ಜಾಗವನ್ನು ರಾಜ್ಯ ಎಂದು ಕರೆಯಲು ನನ್ನ ನಾಲಿಗೆ ಇಂದಿಗೂ ಸ್ವಲ್ಪ ತಡೆಯುತ್ತದೆ.

ಏಕೆಂದರೆ ನಾನು ಕಂಡು ಬೆಳೆದ ಗಡಿಯೇ ಬೇರೆ. ನಮ್ಮದು ಕಾಗವಾಡದ ಕಡೆ. ಅಲ್ಲಿಂದ ಮಿರಜಿಗೆ ಬಸ್ಸಿನಲ್ಲಿ ಅರ್ಧ ಗಂಟೆ ಹೆಚ್ಚಾಯಿತು. ನಮ್ಮ ಆಯಿಗೆ ಮಂಡಿನೋವು ಬಂದರೂ, ಕಾಕಾನ ಕಣ್ಣಿಗೆ ಪೊರೆ ಬಂದರೂ ನಾವು ಹೋಗುತ್ತಿದ್ದದ್ದು ಮಿರಜಿನ ದವಾಖಾನೆಗೆ. ಬಸ್ಸು ಹತ್ತುವಾಗ "ಮುಂದ ಸರೀರಿ" ಎನ್ನುತ್ತಿದ್ದ ಕಂಡಕ್ಟರ್ ಮಿರಜು ಹತ್ತಿರವಾದಂತೆ "ಚಲಾ, ಪುಢೆ ಚಲಾ" ಎನ್ನುತ್ತಿದ್ದ. ಆತ ಯಾವ ಮೈಲಿಗಲ್ಲಿನ ಬಳಿ ಭಾಷೆ ಬದಲಿಸಿದ ಎಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಅಂಗಡಿಯ ಫಲಕಗಳ ಮೇಲಿನ ದುಂಡನೆಯ ಅಕ್ಷರಗಳಿಗೆ ತಲೆಗೆರೆ ಬರತೊಡಗಿದಾಗ ಕಿಟಕಿಯ ಬಳಿ ಕುಳಿತ ನಮಗೆ ಊರು ಬದಲಾಯಿತೆಂದು ತಿಳಿಯುತ್ತಿತ್ತು. ದವಾಖಾನೆಯ ಚೀಟಿ ಬರೆಯುವವರು ಮರಾಠಿಯಲ್ಲಿ ಕೇಳಿದರೆ ಆಯಿ ಕನ್ನಡದಲ್ಲಿ ಉತ್ತರಿಸುತ್ತಿದ್ದಳು, ಇಬ್ಬರಿಗೂ ತೊಡಕಿರಲಿಲ್ಲ. ಆಕೆಯ ಕೈಚೀಲದಲ್ಲಿ ನಿಂಬೆಹಣ್ಣು ಎಷ್ಟಿವೆ ಎಂದು ಯಾರೂ ಕೇಳಲಿಲ್ಲ.

ಹಾಗಾಗಿಯೇ ಇಲ್ಲಿನವರು ತಮ್ಮ ರಾಜ್ಯದ ಸ್ವಭಾವದ ಬಗ್ಗೆ ಮಾತನಾಡತೊಡಗಿದರೆ ನನಗೆ ತಾಳ್ಮೆ ಕಡಿಮೆ. ನಮ್ಮದು ಕೈದಿಗಳನ್ನು ತಂದು ಕಟ್ಟಿದ ವಸಾಹತಲ್ಲ, ಸ್ವಇಚ್ಛೆಯಿಂದ ಬಂದವರು ಕಟ್ಟಿದ್ದು ಎಂದು ಅಡಿಲೇಡಿನ ಹಿರಿಯರು ಹೇಳಿಕೊಳ್ಳುತ್ತಾರೆ, ನಿನ್ನೆ ಮೊನ್ನೆ ಹಡಗಿನಿಂದ ಇಳಿದವರಂತೆ. ಸಿಡ್ನಿಗೂ ಇಲ್ಲಿಗೂ ಏನು ವ್ಯತ್ಯಾಸ ಎಂದು ನನ್ನ ಸಹೋದ್ಯೋಗಿಯೊಬ್ಬರನ್ನು ಕೇಳಿದಾಗ ಅವರು ಕೊಟ್ಟ ಮೊದಲ ಉದಾಹರಣೆ ಬಿಯರ್ ಗ್ಲಾಸಿನದು: ಸ್ಕೂನರ್ ಎಂದರೆ ಸಿಡ್ನಿಯಲ್ಲಿ 425 ಮಿಲಿ, ಇಲ್ಲಿ 285. ಎರಡನೆಯದು ಫುಟ್‌ಬಾಲು. ಮೂರನೆಯದಕ್ಕಾಗಿ ಅವರು ಬಹಳ ಹೊತ್ತು ಯೋಚಿಸಿದರು.

ಯುರೋಪಿಯನ್ನರು ಬರುವ ಮೊದಲು ಈ ನೆಲದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಮಧ್ಯದ ಮರುಭೂಮಿಯಲ್ಲಿ ಪಿಟ್ಜಂಟ್ಜಾಟ್ಜಾರ ನುಡಿಯುವವರ ನಾಡನ್ನು ಇದೇ 26 ಮತ್ತು 129ರ ಗೆರೆಗಳು ಮೂರು ಪಾಲು ಮಾಡಿವೆ. ಒಂದು ಪಾಲು ದಕ್ಷಿಣ ಆಸ್ಟ್ರೇಲಿಯಾಕ್ಕೆ, ಒಂದು ಪಶ್ಚಿಮಕ್ಕೆ, ಇನ್ನೊಂದು ನಾರ್ದರ್ನ್ ಟೆರಿಟರಿಗೆ. ನಾಲಿಗೆಯ ಗಡಿಗಳು ಇಲ್ಲಿಯೂ ಇದ್ದವು, ಗೆರೆ ಎಳೆದವರು ಅವರನ್ನು ಕೇಳಲಿಲ್ಲ. 1956ರಲ್ಲಿ ನಮ್ಮಲ್ಲಿ ಕೇಳಿದರು, ತೀರ ಸರಿಯಾಗಿ ಅಲ್ಲದಿದ್ದರೂ ಕೇಳಿದರು.

ಇಲ್ಲಿಗೇ ನಿಲ್ಲಿಸಿದರೆ ನನಗೆ ಹಿತವಾಗುತ್ತಿತ್ತು. ಆದರೆ ಆ 141ನೇ ರೇಖಾಂಶದ ಉಳಿದ ಕಥೆಯನ್ನೂ ಹೇಳಬೇಕಾಗುತ್ತದೆ. ನೆಲದ ಮೇಲೆ ಗುರುತು ಹಾಕಿದ ಮೋಜಣಿದಾರರ ಲೆಕ್ಕ ತಪ್ಪಿ, ಗಡಿ ಸುಮಾರು ಮೂರೂವರೆ ಕಿಲೋಮೀಟರ್ ಪಶ್ಚಿಮಕ್ಕೆ ಸರಿದು ಬಿತ್ತು. ದಕ್ಷಿಣ ಆಸ್ಟ್ರೇಲಿಯಾದ ಉದ್ದನೆಯ ಪಟ್ಟಿಯೊಂದು ವಿಕ್ಟೋರಿಯಾದ ಪಾಲಾಯಿತು. ತಪ್ಪು ಗೊತ್ತಾದ ಮೇಲೆ ಜಗಳ ದಶಕಗಟ್ಟಲೆ ನಡೆದು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು, 1914ರಲ್ಲಿ ವಿಕ್ಟೋರಿಯಾದ ಪರವಾಗಿ ತೀರ್ಪು ಬಂತು, ಸೋತವರು ಸುಮ್ಮನಾದರು. ಇಂದು ಅಡಿಲೇಡಿನಲ್ಲಿ ಆ ಪಟ್ಟಿಯ ನೆನಪಿರುವವರನ್ನು ಹುಡುಕಬೇಕು. ನಮ್ಮ ಬೆಳಗಾವಿಯ ಮಾತಿಗೆ ಬಂದರೆ, ಮಹಾಜನ ಆಯೋಗ 1967ರಲ್ಲಿಯೇ ವರದಿ ಕೊಟ್ಟರೂ 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ ಇನ್ನೂ ಇತ್ಯರ್ಥವಾಗಿಲ್ಲ. ಗಲಾಟೆಯಾದಾಗಲೆಲ್ಲ ಮೊದಲು ನಿಲ್ಲುವುದು ಅದೇ ಮಿರಜಿನ ಬಸ್ಸು, ಮಸಿ ಬೀಳುವುದು ಆ ದುಂಡನೆಯ ಅಕ್ಷರಕ್ಕೋ ತಲೆಗೆರೆಯ ಅಕ್ಷರಕ್ಕೋ. ಬಸ್ಸು ನಿಂತ ವಾರ ಆಯಿಯ ಮಂಡಿಗೆ ಔಷಧ ಸಿಗುತ್ತಿರಲಿಲ್ಲ ಎಂಬುದನ್ನು ನಾನು ಮೇಲೆ ಬರೆಯದೆ ಬಿಟ್ಟಿದ್ದೆ.

ನೀರಿನ ವಿಷಯದಲ್ಲಿಯೂ ಹಾಗೆಯೇ. ಕಾವೇರಿಯ ಮಾತು ಬಂದರೆ ಮೇಲಿನವರ ನ್ಯಾಯವನ್ನೇ ಹೇಳಿ ಬೆಳೆದ ನಾನು ಈಗ ಮರ್ರೆ ನದಿಯ ಕೊನೆಯ ರಾಜ್ಯದಲ್ಲಿದ್ದೇನೆ. ಮಳೆ ಕೈಕೊಟ್ಟ ವರ್ಷ ಅಡಿಲೇಡಿನ ನಲ್ಲಿಗಳಲ್ಲಿ ಬರುವ ನೀರಿನ ದೊಡ್ಡ ಪಾಲು ಅದೇ ಗಡಿ ದಾಟಿ ಬರಬೇಕು. ಕೆಳಗಿನವರಿಗೆ ಇಷ್ಟು ನೀರು ಬಿಡಲೇಬೇಕೆಂದು ಮೂರು ರಾಜ್ಯಗಳೂ ಕೇಂದ್ರವೂ ಸೇರಿ 1914ರಲ್ಲಿ ಸಹಿ ಹಾಕಿದ ಒಪ್ಪಂದ, ಹಲವು ಬಾರಿ ರೂಪ ಬದಲಿಸಿಕೊಂಡು, ಇಂದಿಗೂ ನಡೆದಿದೆ. ಜಗಳವಿಲ್ಲವೆಂದಲ್ಲ. ಬೇಸಿಗೆಯಲ್ಲಿ ಮೇಲಿನ ಹತ್ತಿ ಬೆಳೆಗಾರರನ್ನು ಬೈಯುವವರ ಜೊತೆ ನಾನೂ ದನಿಗೂಡಿಸುತ್ತೇನೆ, ಮಂಡ್ಯದ ಗೆಳೆಯರಿಗೆ ಇದನ್ನು ಇನ್ನೂ ತಿಳಿಸಿಲ್ಲ.

ಇನ್ನು ಆ ನಿಂಬೆಹಣ್ಣಿನ ಮಾತು. ಠಾಣೆ ದಾಟಿದರೆ ರೆನ್‌ಮಾರ್ಕಿನ ಸುತ್ತ ಮೈಲಿಗಟ್ಟಲೆ ಕಿತ್ತಳೆ ತೋಟಗಳು, ದ್ರಾಕ್ಷಿ ತೋಟಗಳು. ಹಣ್ಣುನೊಣ ಒಮ್ಮೆ ಒಳಹೊಕ್ಕರೆ ಅವುಗಳ ಗತಿ ಕೆಟ್ಟಿತು. ಅದರ ಮೊಟ್ಟೆ ಹಿತ್ತಲಿನ ಒಂದೇ ಹಣ್ಣಿನೊಳಗೆ ಕೂತು ಬರಬಲ್ಲದು. ಆ ತರುಣಿ ಇದನ್ನೆಲ್ಲ ಅಂದೇ ಹೇಳಿದ್ದಳು, ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಈ ಸಲವೂ ಹಬ್ಬಕ್ಕೆ ಮಿಲ್ಡೂರಾಕ್ಕೇ ಹೊರಟಿದ್ದೇವೆ. ಬರುವಾಗ ಸೂಜಿ, ದಾರ ಮಾತ್ರ ಜೊತೆಗಿರಲಿ, ನಿಂಬೆಹಣ್ಣು, ಮೆಣಸಿನಕಾಯಿಗಳನ್ನು ರೆನ್‌ಮಾರ್ಕಿನ ಅಂಗಡಿಯಲ್ಲಿಯೇ ಕೊಂಡು ಅಲ್ಲಿಯೇ ಪೋಣಿಸೋಣ ಎಂದು ನನ್ನ ಹೆಂಡತಿ ಹೇಳಿದ್ದಾಳೆ. ಅಲ್ಲಿಯವರೆಗಿನ ನೂರೈವತ್ತು ಕಿಲೋಮೀಟರಿಗೆ ದೃಷ್ಟಿ ತಗಲಿದರೆ ಏನು ಮಾಡುವುದೆಂದು ನಾನು ಕೇಳಿಲ್ಲ.