ಸ್ವಲ್ಪ ಸೊಟ್ಟ ಹಾಕಿ ಆಂಟಿ

ನನಗೆ ಹಳೇ ಕಾಲದ ಬಟ್ಟೆ ಅಂದರೆ ಹುಚ್ಚು. ಬುಗ್ಗೆ ತೋಳಿನ ಬ್ಲೌಸು, ಕೊರಳ ಸುತ್ತ ಲೇಸು, ಪಾದ ಮುಟ್ಟುವ ಲಂಗ, ಜಡೆಗೆ ಅಗಲ ರಿಬ್ಬನ್ನು. ಒಂದು ಸಂಜೆ ಇಷ್ಟೆಲ್ಲ ಹಾಕಿಕೊಂಡು ದಾವಣಗೆರೆಯ ಪೇಟೆ ಬೀದಿಗೆ ಗುಂಡಿ ತರಲು ಹೋಗಿದ್ದೆ. ಅಂಗಡಿಯ ಯಜಮಾನರು ಕನ್ನಡಕ ಮೇಲೆ ಸರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಭಾರೀ ಮರ್ಯಾದೆಯಿಂದ ಕೇಳಿದರು: "ಯಾವ ಕಂಪನಿಯವರಮ್ಮ? ಈ ಸಲ ಟೆಂಟು ಎಲ್ಲಿ ಹಾಕಿದ್ದೀರಿ?"

ಚಿಂದೋಡಿ ಲೀಲಾ ಅವರ ಊರಲ್ಲಿ ನಾಟಕದವಳು ಅನ್ನಿಸಿಕೊಂಡರೆ ಬೇಜಾರೇನಿದೆ? ಸುಮ್ನೆ ನಕ್ಕು ಅರ್ಧ ಡಜನ್ ಗುಂಡಿ ತಗೊಂಡು ಬಂದೆ.

ಆ ಬ್ಲೌಸಿನ ತೋಳಿನ ಮೇಲೆ ಒಂದು ಸಾಲು ಆನೆ ಇವೆ. ಕಸೂತಿ ಆನೆ. ಹಾಕಿದ್ದು ನಮ್ಮ ಚಿಕ್ಕಮ್ಮ. ಧಾರವಾಡದ ಕಡೆಯವರು, ಇಲ್ಲಿ ಇನ್ನೂ ಮಿಲ್ಲಿನ ಸೈರನ್ ಕೇಳುತ್ತಿದ್ದ ಕಾಲಕ್ಕೆ ಈ ಊರಿಗೆ ಸೊಸೆಯಾಗಿ ಬಂದವರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನೋ ಬಿರುದು ಮಾತ್ರ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಮೂರು ಪಾಳಿಯಲ್ಲೂ ಓಡುತ್ತಿದೆ. ಚಿಕ್ಕಪ್ಪನ ಕೆಲಸ ಹೋಯಿತು, ಚಿಕ್ಕಮ್ಮನ ಸೂಜಿ ನಿಲ್ಲಲಿಲ್ಲ.

ಕಸೂತಿ ಹಾಕುವವರನ್ನು ಹತ್ತಿರ ಕೂತು ನೋಡಿದ್ದೀರಾ? ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇರಲ್ಲ, ಅಚ್ಚು ಇರಲ್ಲ. ನೇಯ್ಗೆಯ ಎಳೆ ಎಣಿಸಿಕೊಂಡು ಹೋಗಬೇಕು. ಗವಂತಿ ಅಂತ ಒಂದು ಹೊಲಿಗೆ ಇದೆ: ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗಿ, ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರೋದು. ಮುರ್ಗಿ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತದೆ. ನೇಯ್ಗಿ ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತದೆ. ಮೆಂತ್ಯೆ ಅಂದರೆ ಅಡ್ಡಡ್ಡ ಗುಣಿಸುವ ಚಿಹ್ನೆ ಇಟ್ಟ ಹಾಗೆ, ಒತ್ತಾಗಿ. ಎಲ್ಲೂ ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ ಸರಿಯಾಗಿ ಬಿದ್ದರೆ ಬಟ್ಟೆ ತಿರುಗಿಸಿದರೂ ಅದೇ ಚಿತ್ರ. ಯಾವುದು ಮೇಲು, ಯಾವುದು ಒಳಗು ಅಂತ ಹೇಳೋಕೇ ಬರಬಾರದು. ಚಿಕ್ಕಮ್ಮ ಮದುವೆಯಲ್ಲಿ ಉಟ್ಟ ಕಪ್ಪು ಚಂದ್ರಕಾಳಿ ಸೀರೆಯಲ್ಲಿ ತೇರು, ಗೋಪುರ, ತುಳಸಿಕಟ್ಟೆ ಎಲ್ಲ ಇವೆ. ಅದರ ಒಳಗನ್ನು ನಾನು ಚಿಕ್ಕವಳಿದ್ದಾಗ ಎಷ್ಟು ಹುಡುಕಿದರೂ ಒಂದು ಗಂಟು ಸಿಕ್ಕಿಲ್ಲ.

ಈ ಗಂಟಿಲ್ಲದ್ದೇ ಈಗ ಗಂಟಾಗಿದೆ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಕಲ್ಕತ್ತಾದಲ್ಲಿ ಸ್ವದೇಶಿ ಚಳವಳಿ ಶುರುವಾಯಿತು ಅಂತ 2015ರಿಂದ ಆಚರಣೆ ನಡೆಯುತ್ತಿದೆ. ನಮ್ಮೂರಲ್ಲೂ ಒಂದು ಕಲ್ಯಾಣ ಮಂಟಪದಲ್ಲಿ ಕರಕುಶಲ ಮೇಳ ಇಟ್ಟಿದ್ದರು. ಬಾಗಿಲಲ್ಲಿ ಇಪ್ಪತ್ತಡಿ ಫ್ಲೆಕ್ಸು, ಅದರಲ್ಲಿ ಚರಕದ ಚಿತ್ರ. ಮುಖ್ಯ ಅತಿಥಿಗಳು ಎರಡು ಗಂಟೆ ತಡವಾಗಿ ಬಂದು, ಕೈಮಗ್ಗವೇ ನಮ್ಮ ಉಸಿರು ಅಂತ ನಲವತ್ತು ನಿಮಿಷ ಮಾತಾಡಿದರು. ಅವರ ಅಂಗಿ ಬೆವರು ಹೀರಲಾರದೆ ಫಳಫಳ ಹೊಳೆಯುತ್ತಿತ್ತು. ಸನ್ಮಾನದ ಶಾಲು ಪಾಲಿಯೆಸ್ಟರ್ರು, ಪೇಟ ಗೋಂದು ಹಾಕಿ ಅಂಟಿಸಿದ ರೆಡಿಮೇಡು. ನೇಕಾರರಿಗೆ ಅಂತ ಇಟ್ಟಿದ್ದ ಕುರ್ಚಿಗಳಲ್ಲಿ ಅತಿಥಿಗಳ ಜೊತೆ ಬಂದವರು ಕೂತಿದ್ದರು. ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ಹೊತ್ತು ತಂದಿದ್ದ ಒಬ್ಬ ಹಿರಿಯರು ಕಂಬಕ್ಕೆ ಒರಗಿ ನಿಂತೇ ಪೂರ್ತಿ ಭಾಷಣ ಕೇಳಿದರು. ಅವರ ಸೀರೆಗೆ ಜಿಐ ಟ್ಯಾಗ್ ಇದೆ. ಕುರ್ಚಿಗೆ ಇರಲಿಲ್ಲ ಅಷ್ಟೇ.

ಚಿಕ್ಕಮ್ಮನಿಗೆ ಸಿಕ್ಕಿದ್ದು ಜನರೇಟರ್ ಪಕ್ಕದ ಮೂಲೆ. ನಾನು ಸಹಾಯಕ್ಕೆ, ನನ್ನ ನಾಟಕದ ಲಂಗದ ಸಮೇತ.

ಎದುರಿನ ಮಳಿಗೆಗೆ ಮಾತ್ರ ಜಾತ್ರೆಯಷ್ಟು ಜನ. ಸಣ್ಣ ಸಣ್ಣ ಬಲ್ಬು, ಒಣಗಿದ ಹೂವು, ಹಳೇ ಹೊಲಿಗೆ ಮಷೀನು, ಗೋಡೆಗೆ ಒಂದು ಕೌದಿ. ಅಜ್ಜಿಯ ಹರಿದ ಸೀರೆಗಳನ್ನು ಸೇರಿಸಿ ಹೊಲಿದ ಅದೇ ಕೌದಿ, ನಮ್ಮ ಮನೆಯಲ್ಲಿ ನಾಯಿಗೆ ಹಾಸಿದ್ದು. ಅಲ್ಲಿ ಅದರ ಹೆಸರು ವಿಂಟೇಜ್ ಪ್ಯಾಚ್‌ವರ್ಕ್, ಬೆಲೆ ನಾಲ್ಕೂವರೆ ಸಾವಿರ. (ನಮ್ಮ ನಾಯಿಗೆ ಈ ವಿಷಯ ಹೇಳಿಲ್ಲ.) ಪಕ್ಕದಲ್ಲಿ ಮೂಲೆಗೆ ನಿಲ್ಲಿಸಲು ಅಂತ ಪಾಲಿಶ್ ಹೊಡೆದ ಒನಕೆ ಬೇರೆ. ಚಿತ್ರದುರ್ಗದ ಪಕ್ಕದ ಊರಿನವರು ನಾವು, ಒನಕೆ ಯಾತಕ್ಕೆ ಬರುತ್ತದೆ ಅಂತ ನಮಗೆ ಹೇಳಿಕೊಡಬೇಕಾ?

ಅಲ್ಲಿನ ಬ್ಲೌಸುಗಳ ಮೇಲೂ ಆನೆ ಇತ್ತು. ಒಂದೊಂದಕ್ಕೂ ಕಂದು ಬಣ್ಣದ ಚೀಟಿ ಕಟ್ಟಿದ್ದರು, ಸೆಣಬಿನ ದಾರದಲ್ಲಿ: 'ಈ ಬಟ್ಟೆಯಲ್ಲಿ ಕಾಣುವ ಸಣ್ಣಪುಟ್ಟ ದೋಷಗಳೇ ಕೈಕೆಲಸದ ಗುರುತು.' ನಾನು ಒಂದು ತೆಗೆದು ನೋಡಿದೆ. ಎರಡನೇ ಆನೆಯ ಸೊಂಡಿಲಲ್ಲಿ ಒಂದು ಹೊಲಿಗೆ ತಪ್ಪಿತ್ತು. ಇನ್ನೊಂದು ತೆಗೆದೆ. ಎರಡನೇ ಆನೆ, ಸೊಂಡಿಲು. ಮೂರನೆಯದು, ನಾಲ್ಕನೆಯದು, ರಾಶಿಯ ಕೆಳಗಿನದು, ಎಲ್ಲದರಲ್ಲೂ ಅದೇ ಆನೆ, ಅದೇ ಸೊಂಡಿಲು, ಅದೇ ಹೊಲಿಗೆ. ಕಂಪ್ಯೂಟರ್ ಎಂಬ್ರಾಯ್ಡರಿಯವನು ದೋಷವನ್ನೂ ಡಿಸೈನಿನ ಜೊತೆಗೇ ಸೇವ್ ಮಾಡಿಟ್ಟಿದ್ದ. ಒಳಗೆ ತಿರುಗಿಸಿದರೆ ಬಾಬಿನ್ ದಾರ ಜೇಡರ ಬಲೆ ಕಟ್ಟಿತ್ತು, ಅಂಟಿಸಿದ ಪೇಪರು ಅರ್ಧ ಹಾಗೇ ಉಳಿದಿತ್ತು.

ಆ ಬಲೆ ನೋಡಿ ಒಬ್ಬರು ಮೇಡಂ ಕಣ್ಣಲ್ಲಿ ನೀರು ತಂದುಕೊಂಡರು. "ಎಷ್ಟು ಕಷ್ಟ ಪಟ್ಟಿದ್ದಾರೆ ನೋಡ್ರೀ, ಪಾಪ."

ಅದೇ ಮೇಡಂ ನಮ್ಮ ಮೂಲೆಗೆ ಬಂದರು. ಬಟ್ಟೆ ತಿರುಗಿಸಿದರು. ಮತ್ತೆ ತಿರುಗಿಸಿದರು. "ಇದು ಮಷೀನಿಂದು ಅಲ್ವಾ? ಎರಡೂ ಕಡೆ ಒಂದೇ ತರ ಇದೆ." ಚಿಕ್ಕಮ್ಮ ಮಾತಾಡದೆ ಅವರ ಕಣ್ಣೆದುರೇ ನಾಲ್ಕು ಎಳೆ ಎಣಿಸಿ ಸೂಜಿ ಚುಚ್ಚಿದರು. ಮೇಡಂ ನನ್ನ ಕಡೆ ಬಗ್ಗಿ ಮೆಲ್ಲಗೆ, "ಇದು ತೋರಿಸೋಕೆ ಅಲ್ವಾ? ಮಾರೋ ಮಾಲು ಬೇರೆ ಇರುತ್ತೆ, ಗೊತ್ತು ಬಿಡಿ" ಅಂತ ಕಣ್ಣು ಹೊಡೆದು ಹೋದರು.

ಮಧ್ಯಾಹ್ನ ವಿಂಟೇಜ್ ಲುಕ್ ಸ್ಪರ್ಧೆ. ಒಬ್ಬಳು ಹುಡುಗಿ ಛತ್ರಿಯಂತೆ ಅರಳುವ ಲಂಗ ತೊಟ್ಟು ಗರಗರ ತಿರುಗಿದಳು. ನಿಜವಾಗಿಯೂ ಚೆನ್ನಾಗಿತ್ತು, ನನಗೆ ಹೊಟ್ಟೆಕಿಚ್ಚಾಯಿತು. ಚಿಕ್ಕಮ್ಮನಿಗೆ ಅದರ ಕಥೆ ಹೇಳಿದೆ: ಯುದ್ಧ ಮುಗಿದು ಬಟ್ಟೆಗೆ ಇನ್ನೂ ಬರ ಇದ್ದ ಕಾಲ, 1947ರಲ್ಲಿ ಪ್ಯಾರಿಸ್ಸಿನ ಕ್ರಿಶ್ಚಿಯನ್ ಡಿಯೋರ್ ಅನ್ನೋನು ಒಂದೊಂದು ಲಂಗಕ್ಕೆ ಗಜಗಟ್ಟಲೆ ಬಟ್ಟೆ ಸುರಿದ, ದಂಡ ಅಂತ ಜನ ಬೈದರು, ಆಮೇಲೆ ಎಲ್ಲರೂ ಅದನ್ನೇ ಹಾಕಿದರು.

"ಅಷ್ಟು ಅರಿವಿ ನಮ್ಮ ಲಂಬಾಣ್ಯಾರ ಲಂಗಕ್ಕೂ ಹಿಡಿತೈತಿ," ಅಂದರು ಚಿಕ್ಕಮ್ಮ, ಸೂಜಿಯಿಂದ ಕಣ್ಣೆತ್ತದೆ. "ಮ್ಯಾಲೆ ಕನ್ನಡಿ ಬ್ಯಾರೆ. ಅವರನ್ನ ಯಾಕ ಸ್ಟೇಜಿಗೆ ಕರದಿಲ್ಲ?"

ಸಂಜೆಯವರೆಗೆ ಮಾರಾಟವಾಗಿದ್ದು ಒಂದು ಕರವಸ್ತ್ರ. ಕೊಂಡಿದ್ದು ಜನರೇಟರ್ ನೋಡಿಕೊಳ್ಳುವ ಹುಡುಗ, ಕೈ ಒರೆಸಿಕೊಳ್ಳಲು.

ಅಂಗಡಿ ಮಡಚುವಾಗ ಮೇಳದ ಕಡೆಯ ಹುಡುಗಿಯೊಬ್ಬಳು ಬಂದಳು. ಕೆಟ್ಟವಳಲ್ಲ, ಪಾಪ, ನಮಗೆ ಒಳ್ಳೆಯದಾಗಲಿ ಅಂತಲೇ ಹೇಳಿದಳು. "ಆಂಟಿ, ನಿಮ್ಮದು ತುಂಬಾ ನೀಟಾಗಿದೆ. ಅದೇ ಪ್ರಾಬ್ಲಮ್ಮು. ಕೈಯಲ್ಲಿ ಮಾಡಿದ್ದು ಅಂತ ಫೀಲ್ ಬರಲ್ಲ. ಸ್ವಲ್ಪ ಸೊಟ್ಟ ಹಾಕಿ ಆಂಟಿ. ಒಳಗಡೆ ಒಂದೆರಡು ದಾರ ನೇತಾಡೋ ಹಾಗೆ ಬಿಡಿ."

ಐವತ್ತು ವರ್ಷ ಸೂಜಿ ಹಿಡಿದ ಹೆಂಗಸು. ತಪ್ಪಿದರೆ ಅವರ ಅಜ್ಜಿ ಕೈಗೆ ಹೊಡೆದು ಬಿಚ್ಚಿಸುತ್ತಿದ್ದರಂತೆ. ಆ ರಾತ್ರಿ ಅವರು ಸೊಟ್ಟ ಹಾಕಲು ಕೂತರು. ನಾನು ಟೀ ಕಾಸಿಕೊಟ್ಟೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಬೇಕಂತಲೇ ಒಂದು ಎಳೆ ಜಾಸ್ತಿ ಎಣಿಸುತ್ತಿದ್ದರು, ಮುಂದಿನ ಹೊಲಿಗೆಯಲ್ಲಿ ಕೈ ತಾನಾಗಿಯೇ ಸರಿ ಮಾಡಿಬಿಡುತ್ತಿತ್ತು. ದಾರ ಬಿಟ್ಟರೆ ಬೆರಳು ಹೋಗಿ ಒಳಗೆ ಸೇರಿಸುತ್ತಿತ್ತು. ಕೊನೆಗೆ ಸಿಟ್ಟು ಬಂದು ಒಂದು ಆನೆಗೆ ಕಾಲೇ ಹಾಕದೆ ಬಿಟ್ಟರು. ಮೂರು ಕಾಲಿನ ಆನೆ. ಆದರೂ ನೋಡಿ, ಆ ಮೂರು ಕಾಲೂ ಹಿಂದೆ ಮುಂದೆ ಒಂದೇ ಸಮ.

ಬೆಳಿಗ್ಗೆ ರೇಟು ಬರೆಯುವಾಗ ಬೇರೆಯದಕ್ಕೆಲ್ಲ ಎಂಟುನೂರು, ಇದಕ್ಕೆ ಸಾವಿರದ ಇನ್ನೂರು ಹಾಕಿಸಿದರು. ಯಾಕೆ ಅಂದೆ.

"ತಪ್ಪು ಹಾಕಾಕ ಎರಡ್ ಪಟ್ಟು ಹೊತ್ತು ಹಿಡೀತವ್ವಾ. ಬಿಟ್ಟಿ ಹಾಕಲೇನು?"

ಹತ್ತೂವರೆಗೆ ಮೇಡಂ ಬಂದರು. ನಿನ್ನೆಯವರೇ. ಆನೆಯ ಕಾಲು ಎಣಿಸಿದರು, ಮತ್ತೆ ಎಣಿಸಿದರು, ಎದೆಗೆ ಒತ್ತಿಕೊಂಡರು. ಚೌಕಾಸಿ ಕೂಡ ಮಾಡಲಿಲ್ಲ. ಅವರ ಗೆಳತಿಯರೆಲ್ಲ ಈಗ ಚಿಕ್ಕಮ್ಮನ ನಂಬರು ಇಸಿದುಕೊಂಡಿದ್ದಾರೆ. ಮೂರು ಕಾಲಿನ ಆನೆ ಹಳೇ ಕಾಲದ ಅಪರೂಪದ ಚಿತ್ರವಂತೆ, ರಾಜರ ಕಾಲದ್ದಂತೆ, ನಮಗೂ ಗೊತ್ತಿರಲಿಲ್ಲ. ದೀಪಾವಳಿಯೊಳಗೆ ಹದಿನಾಲ್ಕು ಬೇಕಂತೆ. ಒಬ್ಬರು ಎರಡು ಕಾಲಿನದು ಆಗುತ್ತಾ ಅಂತ ಕೇಳಿದ್ದಾರೆ. ಅದಕ್ಕೆ ಎಷ್ಟು ಹೇಳೋದು ಅಂತ ಚಿಕ್ಕಮ್ಮ ಇನ್ನೂ ಲೆಕ್ಕ ಹಾಕುತ್ತಿದ್ದಾರೆ.