ಮಾತ್ರೆಗೆ ಬಾರದವರನ್ನು ಹುಡುಕುವ ಬಗೆ

ಊರಿಗೆ ಬಂದಾಗ ನಾನು ಇಳಿದುಕೊಳ್ಳುವುದು ದಾವಣಗೆರೆಯ ಅಕ್ಕನ ಮನೆಯಲ್ಲಿ. ಎಚ್‌ಐವಿ ತಡೆಯ ಕೆಲಸ ಮಾಡುವ ಸ್ಥಳೀಯ ಸಂಸ್ಥೆಯೊಂದರಲ್ಲಿ ಅವಳು ಕ್ಷೇತ್ರ ಕಾರ್ಯಕರ್ತೆ. ಕಳೆದ ಸಲ ಪಡಸಾಲೆಯಲ್ಲಿ ಕೂತು ವಹಿಯೊಂದನ್ನು ತಿರುವುತ್ತಿದ್ದವಳು, ನನ್ನ ನೆರಳು ಬಿದ್ದದ್ದೇ ತಡ ಅದನ್ನು ಮುಚ್ಚಿ, "ತಮ್ಮ ಆದ್ರೂ ನೀನು ಇದನ್ನ ನೋಡಂಗಿಲ್ಲ" ಎಂದಳು. ಎಚ್‌ಐವಿ ಸೋಂಕಿತರಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರದಿಂದ ಮಾತ್ರೆ ಒಯ್ಯುತ್ತಿದ್ದು, ತಿಂಗಳುಗಳಿಂದ ಬಾರದೆ ಉಳಿದವರ ಸಂಕೇತ ಸಂಖ್ಯೆಗಳು ಅದರಲ್ಲಿದ್ದವು. ಮಾತ್ರೆಯನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟವನ್ನು ಕಾಯ್ದುಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವಾದ್ದರಿಂದ, ಬಿಟ್ಟುಹೋದವರನ್ನು ಮರಳಿ ಕರೆತರುವುದೂ ತಡೆಯ ಕೆಲಸವೇ.

ನಾನಿರುವ ಅಮೆರಿಕದ ಲೂಸಿಯಾನಾದಲ್ಲಿ ಈ ಹುಡುಕಾಟವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. ಸೋಂಕಿತರ ರೋಗನಿರೋಧಕ ಶಕ್ತಿಯನ್ನು ಅಳೆಯುವ ಸಿಡಿ4 ಮತ್ತು ರಕ್ತದಲ್ಲಿನ ವೈರಸ್‌ನ ಪ್ರಮಾಣ ತೋರಿಸುವ ವೈರಲ್ ಲೋಡ್ ಪರೀಕ್ಷೆಗಳ ವರದಿ ರಾಜ್ಯದ ಆರೋಗ್ಯ ಇಲಾಖೆಗೆ ಹೋಗುತ್ತದೆ. ವರ್ಷಕ್ಕೂ ಮೀರಿ ಯಾವ ವರದಿಯೂ ಬಾರದಿದ್ದವರು ಕೈಮುರಿದೋ ಜ್ವರ ಬಂದೋ ಆಸ್ಪತ್ರೆಗೆ ಬಂದರೆ ವೈದ್ಯರ ಪರದೆಯ ಮೇಲೆ ಎಚ್ಚರಿಕೆಯ ಸಂದೇಶ ಮೂಡುವಂಥ ಏರ್ಪಾಟನ್ನು, ಇಲಾಖೆಯೂ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಆಸ್ಪತ್ರೆಗಳೂ ಸೇರಿ 2009ರಲ್ಲಿ ಆರಂಭಿಸಿದವು. ಜಾಣತನದ ಏರ್ಪಾಟು, ನಿಜ. ಆದರೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರನ್ನು ಅದು ಕಾಣಲಾರದು. ಸೋಂಕಿತರು ಬೇಕೆಂದೇ ಇನ್ನೊಬ್ಬರನ್ನು ಸೋಂಕಿಗೆ ಒಡ್ಡುವುದನ್ನು ಅಪರಾಧವೆನ್ನುವ ಕಾಯ್ದೆಯೂ ಅದೇ ರಾಜ್ಯದಲ್ಲಿರುವಾಗ, ಮಾಹಿತಿ ಕಚೇರಿಯಿಂದ ಕಚೇರಿಗೆ ಹೋಗುತ್ತದೆ ಎಂದರೆ ಜನ ಹೆದರುವುದರಲ್ಲಿ ತಪ್ಪೇನಿದೆ?

ದಾವಣಗೆರೆಯಲ್ಲಿ ಕೊರತೆಯಿರುವುದು ಹುಡುಕುವವರದಲ್ಲ, ಹೊಂದಾಣಿಕೆಯದು. ಒಬ್ಬರಿಗೇ ಅಕ್ಕನ ಸಂಸ್ಥೆ ಕೊಡುವ ಸಂಖ್ಯೆ ಒಂದು, ಸಲಹೆ ಕೊಟ್ಟು ರಕ್ತ ಪರೀಕ್ಷಿಸುವ ಐಸಿಟಿಸಿ ಕೇಂದ್ರದ್ದು ಇನ್ನೊಂದು, ಎಆರ್‌ಟಿ ಕೇಂದ್ರದ್ದು ಮತ್ತೊಂದು. ಎತ್ತು ಏರಿಗೆ, ಕೋಣ ನೀರಿಗೆ. ಇವನ್ನೆಲ್ಲ ಜೋಡಿಸಲೆಂದೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋ 'ಸೋಚ್' ಎಂಬ ತಂತ್ರಾಂಶವನ್ನು ತಂದಿದೆಯಾದರೂ ಅಕ್ಕನ ವಹಿ ಇನ್ನೂ ಅವಳ ಚೀಲದಲ್ಲೇ ಇದೆ. ಒಮ್ಮೆ ಅವಳು ಜಗಳೂರು ಕಡೆಯ ಮನೆಯೊಂದಕ್ಕೆ ಎರಡು ಸಲ ಹೋಗಿದ್ದಳು. ಯಾರೆಂದು ಅತ್ತೆ ಕೇಳಿದಾಗ ಸ್ತ್ರೀಶಕ್ತಿ ಸಂಘದವಳೆಂದು ಹೇಳಿ ಪಾರಾಗಿದ್ದಳು. ಆ ಮನೆಯ ಸೊಸೆ ದಾವಣಗೆರೆಯಲ್ಲಿ ನೆಂಟರು ಕಂಡಾರೆಂದು ಚಿತ್ರದುರ್ಗದ ಬಸ್ ಹತ್ತಿ ಅಲ್ಲಿ ಮಾತ್ರೆ ಪಡೆಯುತ್ತಿದ್ದಳೆಂಬುದು ತಿಳಿದದ್ದು ಆಮೇಲೆ. 1997ರವರೆಗೆ ಒಂದೇ ಜಿಲ್ಲೆಯಲ್ಲಿದ್ದ ಊರುಗಳಿವು! ಮಾಹಿತಿ ಹಂಚಿಕೊಂಡರೆ ಗುಟ್ಟು ಬಯಲಾದೀತೆಂದು ನಾವು ಅಂಜುತ್ತೇವೆ. ಇಲ್ಲಿ ಹಂಚಿಕೊಳ್ಳದ್ದರಿಂದಲೇ ಬಯಲಾಗುವುದರಲ್ಲಿತ್ತು.

ಆದ್ದರಿಂದ ಲೂಸಿಯಾನಾದಿಂದ ನಾವು ಕಲಿಯಬೇಕಾದದ್ದು ಯಂತ್ರವನ್ನಲ್ಲ, ಬೇಕಾದಷ್ಟನ್ನೇ ತಿಳಿಸುವ ಅದರ ಮಿತವಾದ ಮಾತನ್ನು ಎಂಬುದು ನನ್ನ ಅನಿಸಿಕೆ. ಕಾರ್ಯಕರ್ತೆಗೆ ರೋಗದ ಚರಿತ್ರೆ ಬೇಕಿಲ್ಲ. 'ಬೇರೆಡೆ ಚಿಕಿತ್ಸೆಯಲ್ಲಿದ್ದಾರೆ' ಎಂಬ ಒಂದು ಸಾಲು ಸಾಕು. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯು ವ್ಯಕ್ತಿಯ ಒಪ್ಪಿಗೆಯನ್ನೂ ದಾಖಲೆಗಳ ರಕ್ಷಣೆಯನ್ನೂ ಬಯಸುತ್ತದೆ. ಆ ಒಪ್ಪಿಗೆಯನ್ನು ಮೊದಲ ದಿನವೇ, ಯಾವ ಸಾಲು ಯಾರಿಗೆ ಹೋಗುತ್ತದೆಂದು ಬಿಡಿಸಿ ಹೇಳಿ ಕೇಳಬೇಕು. ಇದನ್ನು ಅಕ್ಕನಿಗೆ ಹೇಳಿದೆ. "ಹೇಳಿದ್ರೆ ಒಪ್ತಾರೆ, ಆದ್ರೆ ಹೇಳಾಕೆ ಅಷ್ಟು ಹೊತ್ತು ಯಾರು ಕೂರ್ತಾರಪ್ಪ" ಎಂದವಳೇ ವಹಿಯನ್ನು ಚೀಲಕ್ಕಿಳಿಸಿ ಹೊರಟಳು.